ಮೊದಲ ತುತ್ತಿನ ಜಕ್ಕವ್ವ

ನಾನು ಮೀಸೆ ತಿರುವೋ ವಯಸ್ಸಿನಲ್ಲಿದ್ದಾಗ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಏಳೂರಿನ ಏಳು ಬಾವಿ ನೀರು ಕುಡಿಸಿದ್ದರು. ಒಂದೊಂದೇ ಗುಟುಕು. ಯಾವ ನೀರು ಯಾವ ಬಾವೀದು ಅಂತ ಏಳಕ್ಕೆ ಏಳೂ ಹೇಳಿದೆ. ಅಷ್ಟೇ ಅಲ್ಲ, "ಐದನೇ ಬಾವಿಯ ಹೆಣ್ಣುಕಪ್ಪೆ ಗಂಡನ ಮೇಲೆ ಮುನಿಸಿಕೊಂಡು ತವರಿಗೆ ಹೋಗವ್ಳೆ, ಇಳಿದು ನೋಡ್ರಿ" ಅಂದೆ. ಇಳಿದು ನೋಡಿದರೆ ಗಂಡುಕಪ್ಪೆ ಒಂದೇ ಮುಖ ಊದಿಸಿಕೊಂಡು ಕೂತಿತ್ತು. ನಂಬಿಕೆ ಇಲ್ಲವಾ? ಬಟ್ಟೆ ಕಟ್ಟಿದ ಪಟೇಲರನ್ನು ಕೇಳಿ. ಪಟೇಲರು ಹೋಗಿಬಿಟ್ಟರು. ಬಾವಿಗೆ ಇಳಿದ ಹನುಮಜ್ಜನನ್ನು ಕೇಳಿ. ಅವನೂ ಹೋದ. ಕಪ್ಪೆಯಂತೂ ಅವರಿಗಿಂತ ಮೊದಲೇ ಹೋಯಿತು.

ಅಂಥ ನಾಲಿಗೆ ನನ್ನದು. ಆದರೆ ಜಕ್ಕವ್ವನ ನಾಲಿಗೆ ಮುಂದೆ ಇದು ಎಕ್ಕಡದ ಅಟ್ಟೆ. ಕಡಲೆಕಾಯಿ ಸುಲೀತಾ ಸುಲೀತಾ ಕೇಳ್ರವ್ವ. ಬೀಜ ಮೊರಕ್ಕೆ ಹಾಕಿ, ಬಾಯಿಗಲ್ಲ. ದ್ಯಾವೀರಮ್ಮ, ನಿನಗೇ ಹೇಳಿದ್ದು.

ಹುಣಸೇಹಣ್ಣು ಇನ್ನೂ ಸಿಹಿಯಾಗಿದ್ದ ಕಾಲವಂತೆ ಅದು. ಒಂದು ಊರು. ಆ ಊರಿಗೆ ಬೊಪ್ಪರಸ ಅಂತ ಒಬ್ಬ ದೊರೆ. ದೊರೆಗೆ ಏಳು ಆನೆ, ಏಳು ಕೋಟೆ, ಏಳು ಅಡುಗೆಮನೆ. ಎಲ್ಲಾ ಇದ್ದೂ ಅವನಿಗೆ ಒಂದು ತುತ್ತು ಅನ್ನ ನೆಮ್ಮದಿಯಾಗಿ ಇಳೀತಿರಲಿಲ್ಲವಂತೆ. ಯಾಕೆ ಅಂದರೆ, ಅವರಪ್ಪ ದೊಡ್ಡ ದೊರೆ ಒಂದು ಯುಗಾದಿ ದಿನ ಹೋಳಿಗೆ ಉಂಡು ಸತ್ತಿದ್ದ. ಹೋಳಿಗೆಗೆ ಯಾರೋ ವಿಷ ಬೆರೆಸಿದ್ದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಆ ಹೋಳಿಗೆಯ ಮೊದಲ ತುತ್ತು ತಿಂದವಳು ಜಕ್ಕವ್ವನ ಅವ್ವ. ಅರಮನೆಯಲ್ಲಿ ಅವಳ ಕೆಲಸವೇ ಅದು. ದೊರೆ ಉಣ್ಣೋ ಮುಂಚೆ ಅವಳು ಉಣ್ಣಬೇಕು, ಉಂಡು ಒಂದು ಗಳಿಗೆ ನಿಂತಿರಬೇಕು. ಅವಳು ಬಿದ್ದರೆ ತಟ್ಟೆ ಎತ್ತಬೇಕು, ಬೀಳದಿದ್ದರೆ ದೊರೆ ಉಣ್ಣಬೇಕು. ಅವತ್ತಿನ ವಿಷ ನಿಧಾನದ್ದು. ಗಳಿಗೆ ಕಳೆದರೂ ಅವಳು ಬೀಳಲಿಲ್ಲ. ದೊರೆ ಉಂಡ. ಮಾರನೇ ದಿನ ಬೆಳಿಗ್ಗೆ ಅವಳು ಹೋದಳು, ಸಂಜೆ ದೊರೆ ಹೋದ. ಒಂದೇ ಹೋಳಿಗೆಗೆ ಇಬ್ಬರು ಮಕ್ಕಳು ತಬ್ಬಲಿಗಳಾದರು. ಒಂದು ಮಗು ಸಿಂಹಾಸನದ ಮೇಲೆ ಕೂತಿತು. ಇನ್ನೊಂದು ಮಗು ಅದರ ಪಕ್ಕದಲ್ಲಿ ಬಾಯಿ ತೆರೆದು ನಿಂತಿತು.

ಹಾಗೆ ನಿಂತ ಮಗುವೇ ಜಕ್ಕವ್ವ. ಊರೆಲ್ಲ ಅವಳನ್ನು ಮೊದಲ ತುತ್ತಿನ ಜಕ್ಕವ್ವ ಅಂತಿದ್ದರಂತೆ.

ಅವಳ ನಾಲಿಗೆ ಎಂಥದ್ದು ಅಂತೀರಿ? ಅನ್ನ ಬಾಯಿಗಿಟ್ಟರೆ ಭತ್ತ ನಾಟಿ ಮಾಡಿದವಳು ಅವತ್ತು ಅತ್ತಿದ್ದಳೋ ನಕ್ಕಿದ್ದಳೋ ಹೇಳೋಳು. ಹಾಲು ಕುಡಿದರೆ ಹಸುವಿನ ಯಾವ ಕಾಲಿಗೆ ಮುಳ್ಳು ಚುಚ್ಚಿದೆ ಅಂತ ಹೇಳೋಳು. ಅದಕ್ಕೆ ದೊರೆ ಅವಳಿಗೆ ಕೈ ತುಂಬ ಬಂಗಾರದ ಬಳೆ, ಓಡಾಡೋಕೆ ಪಲ್ಲಕ್ಕಿ, ಇರೋಕೆ ಅರಮನೆಯೊಳಗೇ ಒಂದು ಮಾಳಿಗೆ ಕೊಟ್ಟಿದ್ದ. ಮಂತ್ರಿಗಳೂ ಅವಳನ್ನು ಕಂಡರೆ ದಾರಿ ಬಿಡುತ್ತಿದ್ದರು.

ಆದರೆ ಆ ಗಳಿಗೆ ಅನ್ನೋದು ಇದೆಯಲ್ಲ, ಅದು ಯಾರಿಗೂ ಬೇಡ. ತುತ್ತು ನುಂಗಿ ನಿಲ್ಲಬೇಕು. ಸಭೆಗೆ ಸಭೆಯೇ ಅವಳ ಮುಖ ನೋಡುತ್ತೆ. ದೊರೆಯ ಕಣ್ಣು ರೆಪ್ಪೆ ಹೊಡೆಯದೆ ನೋಡುತ್ತೆ. ಅವಳಿಗೆ ತನ್ನ ಗಂಟಲಲ್ಲಿ ಅನ್ನ ಇಳಿಯೋ ಸದ್ದು ಕೇಳುತ್ತೆ. ಎದೆ ಸ್ವಲ್ಪ ಬಿಗಿದರೆ 'ಇದೇನಾ?' ಹೊಟ್ಟೆ ಗುಳುಗುಳು ಅಂದರೆ 'ಇದೇನಾ?' ಅಂಗೈ ಬೆವೆತು ಬಳೆ ಜಾರುತ್ತೆ. ಗಳಿಗೆ ಮುಗಿದು ದೊರೆ ಉಣ್ಣೋಕೆ ಶುರು ಮಾಡಿದರೂ ಅವಳಿಗೆ ಬಿಡುಗಡೆ ಇಲ್ಲ. ಅವ್ವ ಹೋದದ್ದು ಮಾರನೇ ಬೆಳಿಗ್ಗೆ ತಾನೆ? ಹಾಸಿಗೆ ಮೇಲೆ ಹೊರಳಿ ಹೊರಳಿ ಬೆಳಗು ಮಾಡೋಳು. ಬೆಳಕಾಗಿ ಇನ್ನೂ ಬದುಕಿದ್ದೀನಿ ಅಂತ ಗೊತ್ತಾಗೋ ಹೊತ್ತಿಗೆ ಮತ್ತೆ ಊಟದ ಗಂಟೆ ಬಾರಿಸುತ್ತಿತ್ತು.

ಒಂದು ಮಳೆಗಾಲದ ಶುರುವಿಗೆ ಆ ಊರಿಗೆ ಕಂತಿಯಮ್ಮಂದಿರು ಬಂದರಂತೆ. ಬಿಳಿ ಸೀರೆ ಉಟ್ಟ ಜೈನ ಸನ್ಯಾಸಿನಿಯರು. ಕೈಯಲ್ಲಿ ನವಿಲುಗರಿಯ ಪಿಂಛ, ಇನ್ನೊಂದು ಕೈಯಲ್ಲಿ ಕಮಂಡಲ, ಅಷ್ಟೇ ಅವರ ಆಸ್ತಿ. ವರ್ಷವೆಲ್ಲ ನಡೆಯುತ್ತಲೇ ಇರೋರು. ಮಳೆಗಾಲದಲ್ಲಿ ಮಾತ್ರ, ಕಾಲ ಕೆಳಗೆ ಹುಳಹುಪ್ಪಟೆ ಸಾಯಬಾರದು ಅಂತ ನಾಲ್ಕು ತಿಂಗಳು ಒಂದೇ ಊರಿನ ಬಸದಿಯಲ್ಲಿ ನಿಲ್ಲೋರು. ಅವರಲ್ಲಿ ಹಿರಿಯಳಿಗೆ ದೊಡ್ಡ ಕಂತಿ ಅನ್ನೋರು.

ಒಂದು ಮಧ್ಯಾಹ್ನ ಜಕ್ಕವ್ವ ತುತ್ತು ನುಂಗಿ ಗಳಿಗೆ ಕಾಯ್ತಾ ನಿಂತಿದ್ದಾಳೆ. ಕಿಟಕಿಯಾಚೆ ಒಂದು ಮನೆಯ ಅಂಗಳ ಕಾಣುತ್ತೆ. ಆ ಮನೆಯೊಡತಿ ಬಾಗಿಲಲ್ಲಿ ನಿಂತು ದೊಡ್ಡ ಕಂತಿಗೆ ಕೈಮುಗಿದು, "ಮನಸ್ಸು ಶುದ್ಧ, ಮಾತು ಶುದ್ಧ, ಮೈ ಶುದ್ಧ, ಅನ್ನ ನೀರು ಶುದ್ಧ" ಅಂದಳು. ದೊಡ್ಡ ಕಂತಿ ಅಂಗಳದೊಳಗೆ ಬಂದು ಕೂತು, ಎರಡು ಕೈ ಸೇರಿಸಿ ಬೊಗಸೆ ಒಡ್ಡಿದಳು. ತಟ್ಟೆ ಇಲ್ಲ, ಎಲೆ ಇಲ್ಲ. ಹಾಕಿದ ತುತ್ತನ್ನು ಬೊಗಸೆಯಿಂದಲೇ ಉಂಡಳು. ಯಾರು ಬೇಯಿಸಿದ್ದು ಅಂತ ಕೇಳಲಿಲ್ಲ. ಮೊದಲು ಯಾರಾದರೂ ತಿಂದರಾ ಅಂತ ಕೇಳಲಿಲ್ಲ. ಉಂಡ ಮೇಲೆ ಕಾಯಲಿಲ್ಲ. ಅವಳ ಮುಖವನ್ನು ಯಾರೂ ನೋಡುತ್ತಿರಲಿಲ್ಲ.

'ಅಷ್ಟೇನಾ? ಶುದ್ಧ ಅಂದರು, ಉಂಡಳು. ಅಷ್ಟೇನಾ?' ಅಂದುಕೊಂಡಳಂತೆ ಜಕ್ಕವ್ವ. ಅವತ್ತು ಗಳಿಗೆ ಮುಗಿದದ್ದೂ ಅವಳಿಗೆ ತಿಳಿಯಲಿಲ್ಲ.

ಸಂಜೆಗೆ ಬಳೆಗಳನ್ನೆಲ್ಲ ಬಿಚ್ಚಿ ದೊರೆಯ ಕಾಲ ಬಳಿ ಇಟ್ಟಳು.

"ದೊರೆ, ನಾನು ಕಂತಿಯಮ್ಮಂದಿರ ಜೊತೆ ಹೋಗ್ತೀನಿ. ಅಪ್ಪಣೆ ಕೊಡಿ."

ದೊರೆಯ ಮುಖ ಸುಣ್ಣ ಬಳಿದ ಹಾಗಾಯಿತು. "ನನಗೆ ಊಟ?"

"ಬೇರೆಯವರು ತಿಂದು ನೋಡ್ತಾರೆ."

"ಬೇರೆಯವರ ಅವ್ವ ನಮ್ಮಪ್ಪನ ಜೊತೆ ಸತ್ತಿಲ್ಲ, ಜಕ್ಕವ್ವ. ನಿನ್ನೊಬ್ಬಳನ್ನೇ ನಾನು ನಂಬೋದು." ಆಮೇಲೆ ಹೇಳಿದನಂತೆ: "ಹೋಗು. ಹಸಿವಾದಾಗ ಬರ್ತೀಯ. ಆದರೆ ದೀಕ್ಷೆಗೆ ಒಪ್ಪಿಗೆ ಮಾತ್ರ ಕೊಡಲ್ಲ."

ಬಸದಿಗೆ ಹೋದರೆ ದೊಡ್ಡ ಕಂತಿ ಕೇಳಿದ್ದೂ ಅದನ್ನೇ. "ನಿನ್ನವರ ಒಪ್ಪಿಗೆ ಇದೆಯಾ, ಮಗಳೇ?"

"ನನ್ನವರು ಯಾರೂ ಇಲ್ಲಮ್ಮ."

"ಉಪ್ಪು ಹಾಕಿ ಸಾಕಿದವರು ಇದ್ದಾರಲ್ಲ. ದೊರೆ ಮೂರು ಸಲ 'ಒಪ್ಪಿದೆ' ಅನ್ನಬೇಕು. ಅಲ್ಲೀತನಕ ನಮ್ಮ ಹಾಗೆ ಇದ್ದು ನೋಡು, ನಮ್ಮ ಹಾಗೆ ಉಂಡು ನೋಡು. ಮಳೆ ನಿಂತ ದಿನ ನಾವು ಹೊರಡ್ತೀವಿ. ಅಷ್ಟರೊಳಗೆ ಆದರೆ ನಮ್ಮ ಜೊತೆ ಬರ್ತೀಯ. ಆಗದಿದ್ದರೆ ಇಲ್ಲ."

ಉಣ್ಣೋದು ಏನು ಮಹಾ ಅಂದುಕೊಂಡಿದ್ದಳು ಜಕ್ಕವ್ವ. ಊಟವೇ ಅವಳ ಕಸುಬಲ್ಲವಾ? ಆದರೆ ಕಂತಿಯಮ್ಮಂದಿರಲ್ಲಿ ಒಂದು ಕಟ್ಟಳೆ ಇತ್ತು. ದಿನಕ್ಕೆ ಒಂದೇ ಊಟ. ಉಣ್ಣುವಾಗ ಬೊಗಸೆಯಲ್ಲೋ ಬಾಯಲ್ಲೋ ಒಂದು ಕೂದಲು ಸಿಕ್ಕಿತು, ಒಂದು ಹುಳ ಸಿಕ್ಕಿತು ಅನ್ನಿ, ಅಲ್ಲಿಗೆ ಬೊಗಸೆ ಬಿಡಿಸಿ ಊಟ ಕೈಬಿಡಬೇಕು. ಅಂತರಾಯವಾಯಿತು ಅನ್ನೋರು. ಆಮೇಲೆ ನಾಳೆಯ ತನಕ ಒಂದು ಹನಿ ನೀರೂ ಇಲ್ಲ.

ಮೊದಲ ದಿನ ಬೊಗಸೆ ಒಡ್ಡಿದಳು. ಎರಡು ತುತ್ತಿಗೆ ನಾಲಿಗೆಗೆ ಏನೋ ತಾಗಿತು. ಹುಳ! ಕೈಬಿಟ್ಟಳು. ಮಾರನೇ ದಿನ ಬೇರೆ ಮನೆ. ಒಂದೇ ತುತ್ತಿಗೆ ಕೂದಲು! ಕೈಬಿಟ್ಟಳು. ಅದರ ಮಾರನೇ ದಿನವೂ ಹಾಗೇ. ಬಡಿಸಿದ ಹೆಂಗಸರು ಬಾಗಿಲ ಹಿಂದೆ ನಿಂತು ಅಳೋರು. "ನಮ್ಮ ಕೈಯಲ್ಲೇ ದೋಷ ಇರಬೇಕು ಕಣವ್ವ" ಅನ್ನೋರು. ಉಳಿದ ಕಂತಿಯಮ್ಮಂದಿರು ಅದೇ ಮನೆಗಳಲ್ಲಿ ಅದೇ ಅನ್ನ ಉಂಡು ತಣ್ಣಗೆ ಬರೋರು. ಜಕ್ಕವ್ವ ಮಾತ್ರ ಗಾಳಿಗೆ ಒಣಹಾಕಿದ ಸೀರೆಯ ಹಾಗೆ ಅಲ್ಲಾಡ್ತಾ ಬರೋಳು. ಬಸದಿಯ ಕಂಬಗಳ ನಡುವೆ ಅವಳು ನಡೆದರೆ ನೆರಳು ಮುಂದೆ ಹೋಗಿ, ಇವಳು ಬಂದಳಾ ಅಂತ ತಿರುಗಿ ನೋಡುತ್ತಿತ್ತಂತೆ.

ಒಂದು ದಿನ ದೊಡ್ಡ ಕಂತಿ ಅವಳ ಜೊತೆಗೇ ಹೋದಳು. ಅವತ್ತೂ ಮೂರನೇ ತುತ್ತಿಗೆ ಜಕ್ಕವ್ವ ಬೆಚ್ಚಿ ಕೈಬಿಟ್ಟಳು. ದೊಡ್ಡ ಕಂತಿ ಕೆಳಗೆ ಬಿದ್ದ ಅನ್ನವನ್ನು ಪಿಂಛದಲ್ಲಿ ಮೆಲ್ಲಗೆ ಸರಿಸಿ ತೋರಿಸಿದಳು.

"ಇದೇನಾ ನಿನ್ನ ಹುಳ?"

ನೋಡಿದರೆ ಜೀರಿಗೆ ಕಾಳು.

ಮುಳ್ಳು ಚುಚ್ಚಿದ ಹಸುವಿನ ಕಾಲು ಹೇಳೋ ನಾಲಿಗೆಗೆ ಜೀರಿಗೆ ಗೊತ್ತಾಗಲಿಲ್ಲವಾ?

"ನಾಲಿಗೆ ಸರಿಯಾಗೇ ಇದೆ, ಮಗಳೇ," ಅಂದಳಂತೆ ದೊಡ್ಡ ಕಂತಿ. "ಅದು ಜೀರಿಗೆ ಅಂತಾನೇ ಹೇಳಿತು. ಅದರ ಮಾತು ನಿನ್ನ ಕಿವಿಗೆ ಬೀಳೋ ಮುಂಚೆ ಅಂಜಿಕೆ ಕೂಗಿಕೊಂಡಿತು. ಬಳೆ ಬಿಚ್ಚಿಟ್ಟು ಬಂದೆ, ಪಲ್ಲಕ್ಕಿ ಬಿಟ್ಟು ಬಂದೆ. ಆ ಗಳಿಗೆಯನ್ನು ಮಾತ್ರ ಸೆರಗಲ್ಲಿ ಕಟ್ಕೊಂಡು ಬಂದಿದೀಯ."

"ಇಷ್ಟು ದಿನ ಉಪವಾಸ ಮಾಡಿದೆನಲ್ಲಮ್ಮ, ಅದಕ್ಕಾದರೂ..."

"ಅದು ಉಪವಾಸ ಅಲ್ಲ, ಹೆದರಿಕೆ. ಉಣ್ಣೋಕೆ ಬರದವಳಿಗೆ ನಾನು ಊಟ ಬಿಡೋ ದೀಕ್ಷೆ ಕೊಡೋದು ಹೇಗೆ? ಒಂದೇ ಒಂದು ದಿನ ನೆಮ್ಮದಿಯಾಗಿ ಹೊಟ್ಟೆ ತುಂಬ ಉಂಡು ತೋರಿಸು. ಇನ್ನು ಮಳೆ ಜಾಸ್ತಿ ದಿನ ಇರಲ್ಲ."

ಜಕ್ಕವ್ವ ದಿನಾ ಆಕಾಶ ನೋಡೋಳು. ಊರೋರೆಲ್ಲ ಬಿಸಿಲು ಬರಲಿ ಅಂತಿದ್ದರೆ, ಅವಳೊಬ್ಬಳು ಇನ್ನೊಂದು ಹನಿ, ಇನ್ನೊಂದು ಹನಿ ಅಂತಿದ್ದಳಂತೆ.

ತಡೀರವ್ವ, ಗಂಟಲು ಒಣಗಿತು. ದ್ಯಾವೀರಮ್ಮ, ಒಂದು ಚೊಂಬು ನೀರು ತಾ. ಹ್ಞಾ, ಕೊಡು. ಆಹಾ! ಊರ ಮುಂದಲ ಸಿಹಿನೀರ ಬಾವೀದು. ತಳದ ಕಲ್ಲಿನ ರುಚಿ ಹಾಗೇ ಇದೆ. ಕಣ್ಣು ಮುಚ್ಚಿಕೊಂಡು ಹೇಳ್ತೀನಿ.

ಇತ್ತ ಅರಮನೆಯಲ್ಲಿ ದೊರೆಯ ಪಾಡು ಇನ್ನೂ ಕಷ್ಟ. ಮೊದಲ ತುತ್ತಿಗೆ ಅಂತ ಒಂದು ಬೆಕ್ಕು ತಂದರು. ಬೆಕ್ಕು ಹಾಲು ಮುಟ್ಟಿ ಸಾರು ಬಿಟ್ಟಿತು. ಸಾರಲ್ಲಿ ವಿಷ ಇದೆ ಅಂತ ಹೆದರಿ ದೊರೆ ಸಾರು ಚೆಲ್ಲಿಸಿದ. ಒಬ್ಬ ಜಟ್ಟಿಯನ್ನು ತಂದರು. "ಒಂದು ತುತ್ತು ತಿನ್ನಯ್ಯ" ಅಂದರೆ, ಅವನ ಒಂದು ತುತ್ತಿಗೆ ತಟ್ಟೆ, ತಪ್ಪಲೆ, ಹಂಡೆ ಎಲ್ಲಾ ಖಾಲಿ! ವಿಷ ಇರಲಿಲ್ಲ ಅಂತ ಗೊತ್ತಾಯಿತು, ಅನ್ನವೂ ಇರಲಿಲ್ಲ. ಕೊನೆಗೆ ದೊರೆ ತಾನೇ ಕೆತ್ತಿದ ಎಳನೀರು ಕುಡಿದುಕೊಂಡು ಇದ್ದ. ಸೊರಗಿ ಸೊರಗಿ ಕಿರೀಟ ಜಾರಿ ಹೆಗಲ ಮೇಲೆ ಕೂರೋದಂತೆ.

ಕೊನೆಗೆ ಅವನೇ ಬಸದಿಗೆ ಬಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎರಡೂ ಎಲುಬಿನ ಹಂದರ.

"ನೋಡಿದೆಯಾ, ನಿನಗೂ ಇಲ್ಲಿ ಅನ್ನ ಇಳಿದಿಲ್ಲ," ಅಂದ ದೊರೆ. "ಒಂದು ಮಾತು ಹೇಳ್ತೀನಿ. ನನ್ನ ಬಾಗಿಲಿಗೆ ಬಂದು ಬೊಗಸೆ ಒಡ್ಡು. ಹೊಟ್ಟೆ ತುಂಬ ಉಂಡೆಯೋ, ಒಪ್ಪಿಗೆ ಕೊಡ್ತೀನಿ. ನಿನ್ನ ನಾಲಿಗೆಗೆ ಏನಾದರೂ ಸಿಕ್ಕಿ ನಡುವೆ ಕೈಬಿಟ್ಟೆಯೋ, ಮತ್ತೆ ಅರಮನೆಗೆ ಬರಬೇಕು. ಸಾಯೋ ತನಕ."

ಜಕ್ಕವ್ವ ತಲೆ ಎತ್ತಿ ನೋಡಿದಳು. ಎಲ್ಲಾ ಬಿಟ್ಟು ಅದೇ ಅರಮನೆಯ ಅನ್ನವಾ? ಆದರೆ ಆಕಾಶದಲ್ಲಿ ಮೋಡ ಹರಿದು ನೀಲಿ ಕಾಣುತ್ತಿತ್ತು. "ಆಗಲಿ ದೊರೆ" ಅಂದಳು.

ದೊಡ್ಡ ಕಂತಿ ನಡುವೆ ಮಾತಾಡಿದಳು. "ದೊರೆ, ಯಾರಾದರೂ ಕರೆದರು ಅಂತ ನಾವು ಅವರ ಮನೆಗೆ ಹೋಗೋರಲ್ಲ. ಬರೋ ದಾರೀಲಿ ನಿಂತಿದ್ದರೆ ನಿನ್ನದೂ ಒಂದು ಮನೆ. ಆದರೆ ಬಾಗಿಲಲ್ಲಿ ನಿಂತು 'ಅನ್ನ ನೀರು ಶುದ್ಧ' ಅಂತ ನೀನೇ ಹೇಳಬೇಕು."

"ಹೇಳಿದರಾಯಿತು."

"ಏಳು ಅಡುಗೆಮನೇಲಿ ಏನು ಬೇಯುತ್ತೆ ಅಂತ ನಿನಗೆ ಗೊತ್ತಾ?"

ದೊರೆ ತಲೆ ಕೆರೆದುಕೊಂಡ. ಗೊತ್ತಿರಲಿಲ್ಲ. ಅದಕ್ಕೇ ಮಾರನೇ ದಿನ ಅಡುಗೆಯವರನ್ನೆಲ್ಲ ಆಚೆ ಕಳಿಸಿ, ಪಂಚೆ ಎತ್ತಿ ಕಟ್ಟಿ ತಾನೇ ಒಲೆ ಮುಂದೆ ಕೂತನಂತೆ. ಊದಿ ಊದಿ ಬೂದಿಯೆಲ್ಲ ಮೀಸೆಗೆ. ಅಕ್ಕಿ ತೊಳೆದು ನೀರಿನ ಜೊತೆ ಅಕ್ಕಿಯನ್ನೂ ಚೆಲ್ಲಿದ. ಕಾಯಿ ತುರಿಯೋಕೆ ಹೋಗಿ ಹೆಬ್ಬೆರಳು ತರಚಿಕೊಂಡ. ಅಂತೂ ಅನ್ನವಾಯಿತು, ತೊವ್ವೆಯಾಯಿತು.

ಜಕ್ಕವ್ವ ದೊಡ್ಡ ಕಂತಿಯ ಜೊತೆ ಬಂದಳು. ಕೂತಳು. ಬೊಗಸೆ ಒಡ್ಡಿದಳು. ಬೊಗಸೆ ನಡುಗುತ್ತಿತ್ತು.

"ಮನಸ್ಸು ಶುದ್ಧ," ಅಂದ ದೊರೆ. "ಮಾತು ಶುದ್ಧ. ಮೈ ಶುದ್ಧ." ಆಮೇಲೆ ನಾಲಿಗೆ ಹೊರಳಲಿಲ್ಲ. ಅಕ್ಕಿ ಉಗ್ರಾಣದ್ದು. ಉಗ್ರಾಣಕ್ಕೆ ಯಾರು ಯಾರು ಹೋಗ್ತಾರೋ? ತುಪ್ಪ ಯಾರು ಕಾಸಿದ್ದೋ? ಇವಳು ಉಂಡು ಬಿದ್ದರೆ? "ತಡಿ, ತಡಿ!" ಅಂದವನೇ ತಪ್ಪಲೆಗೆ ಕೈ ಹಾಕಿ ಮೊದಲ ತುತ್ತು ತಾನೇ ನುಂಗಿಬಿಟ್ಟ.

ನುಂಗಿ ನಿಂತ. ಒಂದು ಗಳಿಗೆ. ಮಂತ್ರಿಗಳು, ಸೇವಕರು, ಬೀದಿಯ ಜನ ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಅವನಿಗೆ ತನ್ನ ಗಂಟಲ ಸದ್ದು ಕೇಳಿತು. ಎದೆ ಬಿಗಿಯಿತು. ಹೊಟ್ಟೆ ಗುಳುಗುಳು ಅಂದಿತು.

ಏನೂ ಆಗಲಿಲ್ಲ. "ಉಣ್ಣು," ಅಂದ, ದನಿಯೇ ಇಲ್ಲ.

ದೊಡ್ಡ ಕಂತಿ ತಲೆಯಾಡಿಸಿದಳು. "ನಮಗೆ ಕೊಡೋ ಮುಂಚೆ ಅದರಲ್ಲೇ ನೀನು ಉಂಡೆ. ಎಂಜಲಾಯಿತು. ಇವತ್ತಿಗೆ ಆಯಿತು." ಜಕ್ಕವ್ವ ಬೊಗಸೆ ಮುಚ್ಚಿ ಎದ್ದಳು. ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡಳು.

"ಕೈಬಿಟ್ಟಳು! ಅರಮನೆಗೆ ಬರಬೇಕು!" ಅಂತ ಮಂತ್ರಿಗಳು ಕೂಗಿದರು.

"ಸುಮ್ಮನಿರ್ರಯ್ಯ," ಅಂದ ದೊರೆ. "ತಪ್ಪಿದ್ದು ನಾನು. ನಾಳೆ ಇನ್ನೊಂದು ಸಲ." ಆಮೇಲೆ ಹೊಸಲಿನ ಮೇಲೆ ಕುಸಿದು ಕೂತು ಮೆಲ್ಲಗೆ ಕೇಳಿದನಂತೆ: "ಜಕ್ಕವ್ವ, ಆ ಗಳಿಗೆ... ದಿನಾ ಹೀಗೇನಾ?"

"ದಿನಾ, ದೊರೆ. ಎರಡು ಹೊತ್ತೂ."

ಮಾರನೇ ದಿನ ಬೆಳಕು ಹರಿದರೆ ಒಂದು ಮೋಡವೂ ಇಲ್ಲ. ಬಿಸಿಲೋ ಬಿಸಿಲು. ಕಂತಿಯಮ್ಮಂದಿರು ಬಸದಿ ಗುಡಿಸಿ, ಪಿಂಛ ಕಮಂಡಲ ಹಿಡಿದು ಹೊರಡೋಕೆ ನಿಂತರು. ಇರೋದು ಒಂದೇ ಊಟದ ಹೊತ್ತು.

ದೊರೆ ಮತ್ತೆ ಬಾಗಿಲಲ್ಲಿ ನಿಂತಿದ್ದ. ಮೀಸೆ ತುಂಬ ಬೂದಿ, ಹೆಬ್ಬೆರಳಿಗೆ ಬಟ್ಟೆ. ಜಕ್ಕವ್ವ ಕೂತು ಬೊಗಸೆ ಒಡ್ಡಿದಳು. ದೊರೆಯ ಕೈ ತಪ್ಪಲೆಯ ಕಡೆ ಹೋಯಿತು. ತಡೆದುಕೊಂಡ. ಹಿಂದಕ್ಕೆ ತೆಗೆದುಕೊಂಡು ಜೋಡಿಸಿದ.

"ಮನಸ್ಸು ಶುದ್ಧ. ಮಾತು ಶುದ್ಧ. ಮೈ ಶುದ್ಧ." ಉಸಿರು ಎಳೆದುಕೊಂಡ. "ಅನ್ನ ನೀರು ಶುದ್ಧ. ನಾನೇ ಮಾಡಿದ್ದು."

ತುತ್ತು ಬೊಗಸೆಗೆ ಬಿತ್ತು. ಜಕ್ಕವ್ವ ಬಾಯಿಗಿಟ್ಟಳು. ನಾಲಿಗೆ ತನ್ನ ಕೆಲಸ ಮಾಡಿತು. ಉಪ್ಪು ಜಾಸ್ತಿ. ತಳ ಹತ್ತಿದೆ. ಹಸಿ ಸೌದೆಯ ಹೊಗೆ. ಮಾಡಿದವನು ಭಯಪಟ್ಟುಕೊಂಡು ಮಾಡಿದ್ದಾನೆ. ಎರಡನೇ ತುತ್ತು. ಮೂರನೇ ತುತ್ತು. ಆಗ ಹಲ್ಲಿನ ಸಂದಿಗೆ ಸಣ್ಣದೊಂದು ಎಳೆ ತಾಗಿತು.

ಕೂದಲು! ಅಂತ ಅಂಜಿಕೆ ಕೂಗಿಕೊಂಡಿತು. ನೆತ್ತಿಯಿಂದ ಅಂಗಾಲಿನ ತನಕ ಬೆವರು ಇಳಿಯಿತು. ಬೆರಳುಗಳು ಬಿಡಿಸಿಕೊಳ್ಳೋಕೆ ಹೊರಟವು. ದೊರೆ ಕಣ್ಣು ಮುಚ್ಚಿಕೊಂಡುಬಿಟ್ಟಿದ್ದಾನೆ. ನಿಜವಾಗಲೂ ಕೂದಲಾದರೆ ನುಂಗೋ ಹಾಗಿಲ್ಲ. ಅಲ್ಲದಿದ್ದರೆ ಬಿಡೋ ಹಾಗಿಲ್ಲ.

ಜಕ್ಕವ್ವ ಅಂಜಿಕೆ ಕೂಗೋದನ್ನು ಕೂಗೋಕೆ ಬಿಟ್ಟಳು. ಕೂಗಿ ಕೂಗಿ ಅದಕ್ಕೆ ಸುಸ್ತಾಗೋ ತನಕ ಸುಮ್ಮನೆ ಇದ್ದಳು. ಆಮೇಲೆ ನಾಲಿಗೆಯನ್ನು ಕೇಳಿದಳು, 'ನೀನೇನಂತೀಯ?'

ನಾಲಿಗೆ ಹೇಳಿತು: 'ತೆಂಗಿನಕಾಯಿ ನಾರು ಕಣೇ. ಪಾಪ, ಅವನಿಗೆ ಕಾಯಿ ಸುಲಿಯೋಕೆ ಬರಲ್ಲ.'

ಅವಳು ಅಗಿದಳು. ನುಂಗಿದಳು. ನುಂಗಿ ಕಾಯಲಿಲ್ಲ. ಮತ್ತೆ ಬೊಗಸೆ ಒಡ್ಡಿದಳು.

ದೊರೆ ಕಣ್ಣು ಬಿಟ್ಟು ನೋಡಿದರೆ ಮುಂದೆ ಖಾಲಿ ಬೊಗಸೆ. ತುತ್ತು ಹಾಕಿದ. ಮತ್ತೆ ಖಾಲಿ. ಮತ್ತೆ ಹಾಕಿದ. ತಳ ಹತ್ತಿದ ಅನ್ನ ಕೆರೆದು ಹಾಕೋ ತನಕ ಅವಳು ಉಂಡಳಂತೆ. ಕೊನೆಗೆ ನೀರು ಕುಡಿದು ಬೊಗಸೆ ಮುಚ್ಚಿದಾಗ ಅವಳ ಕೈ ನಡುಗುತ್ತಿರಲಿಲ್ಲ.

"ಒಪ್ಪಿದೆ," ಅಂದ ದೊರೆ. "ಒಪ್ಪಿದೆ." ಮೂರನೆಯದಕ್ಕೆ ಮುಂಚೆ ತಪ್ಪಲೆ ಕೆಳಗಿಟ್ಟ. ಕೈಮುಗಿದು ಹೇಳಿದ, "ಒಪ್ಪಿದೆ, ಹೋಗಿ ಬಾ ತಾಯಿ."

ಊರ ಹೊರಗಿನ ಮರದ ಕೆಳಗೆ ದೀಕ್ಷೆಯಾಯಿತು. ಅವರಲ್ಲಿ ತಲೆಗೂದಲನ್ನು ಕತ್ತಿಯಲ್ಲಿ ತೆಗೆಯಲ್ಲ, ಕೈಯಲ್ಲೇ ಕೀಳ್ತಾರೆ. ಮೊಣಕಾಲು ಮುಟ್ಟೋ ಕೂದಲು ಜಕ್ಕವ್ವನದು. ಒಂದು ಹಿಡಿ, ಇನ್ನೊಂದು ಹಿಡಿ, ನೋಡೋರ ಕಣ್ಣಲ್ಲಿ ನೀರು. ದೊರೆ ತಡೆಯಲಾರದೆ ಕೇಳಿದನಂತೆ, "ನೋವಾಗುತ್ತಾ?"

"ಕಾಯೋದಕ್ಕಿಂತ ಕಮ್ಮಿ, ದೊರೆ."

ಪಿಂಛದಿಂದ ದಾರಿ ಸವರಿಕೊಂಡು ಅವಳು ಕಂತಿಯಮ್ಮಂದಿರ ಸಾಲಿನ ಕೊನೆಯಲ್ಲಿ ನಡೆದುಹೋದಳು. ತಿರುಗಿ ನೋಡಿದಳಾ ಅಂದರೆ, ನೋಡಲಿಲ್ಲವಂತೆ. ದೊರೆ ಅರಮನೆಗೆ ಬಂದವನೇ ಮೊದಲ ತುತ್ತಿನ ಕೆಲಸವನ್ನೇ ತೆಗೆದುಹಾಕಿದ. ಬೆಕ್ಕಿಗೂ ಜಟ್ಟಿಗೂ ರಜ. ಅಡುಗೆಯವರನ್ನೆಲ್ಲ ಒಂದೇ ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಒಂದೇ ತಪ್ಪಲೆಯಿಂದ ಬಡಿಸಿಕೊಂಡು ಉಂಡ. ಕಿರೀಟ ಮತ್ತೆ ತಲೆ ಮೇಲೆ ನಿಂತಿತು. ಅಷ್ಟು ಹೊತ್ತಿಗೆ ಹುಣಸೇಹಣ್ಣು ಹುಳಿಯಾಗಿತ್ತಂತೆ.

"ಕಥೆ ಚೆನ್ನಾಗಿತ್ತು ಮಾವ," ಅಂದಳು ದ್ಯಾವೀರಮ್ಮ, ಮೊರ ಕೊಡವುತ್ತಾ. "ಆಗ ಕುಡಿದ್ಯಲ್ಲ ನೀರು, ಯಾವ ಬಾವೀದು ಅಂದೆ?"

"ಊರ ಮುಂದಲ ಸಿಹಿನೀರ ಬಾವೀದು. ಯಾಕೆ?"

"ಬಾವಿಗೆ ಯಾರು ಹೋಗಿದ್ರು? ನಿನ್ನೆ ಸೂರಿನ ಕೆಳಗೆ ಹಿಡಿದಿಟ್ಟ ಮಳೆನೀರು ಅದು!"

ಹೆಂಗಸರೆಲ್ಲ ಮೊರ ಬಿಟ್ಟು ನಕ್ಕರು. ನಾನು ಭುಜ ಹಾರಿಸಿದೆ. "ನೀನು ಕೊಟ್ಟೆ, ನಾನು ಕುಡಿದೆ. ಯಾವುದು ಅಂತ ಕೇಳಿದ್ನಾ?"

ಅವರು ಅಲ್ಲಿ ಬೊಗಸೆ ಒಡ್ಡಿದರು, ನಾವು ಇಲ್ಲಿ ಸಿಪ್ಪೆ ಗುಡಿಸಿದೆವು.